ಬೆಲ್ಲವಿಲ್ಲದ ಉಡಿ

ಸ್ಪ್ರಿಂಗ್ ಮಂಚ ಮನೆಗೆ ಬಂದ ದಿನ ಹಂಪವ್ವ ಅದರ ಮೇಲೆ ಒಂದೇ ಸಲ ಕೂತಳು. ಕೂತು, ಮೇಲಕ್ಕೂ ಕೆಳಕ್ಕೂ ಕುಲುಕಿ ನೋಡಿ, "ಹರಿಹರದ ಬಸ್ಸಿನಾಗೆ ಕುಂತಂಗಾತು ನೋಡ್ರಿ" ಎಂದು ಎದ್ದುಬಿಟ್ಟಳು. ಆವತ್ತಿನಿಂದ ಅವಳು ಮಲಗುವುದು ಆ ಮಂಚದ ಪಕ್ಕದ ನೆಲದ ಮೇಲೆ, ಹಳೆಯ ಕೌದಿಯಲ್ಲಿ. ಮೇಲೆ ಗಂಡ ರೇವಣ್ಣ ಒಬ್ಬನೇ. ಅವನು ಮಗ್ಗುಲಾದಾಗಲೆಲ್ಲ ಮಂಚ ಕಿರ್ರೆನ್ನುವುದು, ಕೆಳಗಿನಿಂದ ಹಂಪವ್ವ "ಯಾವ ಸ್ಟಾಪು ಬಂತ್ರೀ?" ಎನ್ನುವುದು.

ರೇವಣ್ಣನಿಗೆ ರೇಗದೆ ಇನ್ನೇನಾದೀತು? ದಾವಣಗೆರೆಯ ಮಂಡಿಪೇಟೆಯಲ್ಲಿ ಅವನದು ಬೆಲ್ಲದ ಮಂಡಿ. ನಂದಿಗುಡಿಯಿಂದ ಪಟ್ಟಣಕ್ಕೆ ಬಂದಾಗ ಅವನು ತಂದದ್ದು ಒಂದು ಕಂಬಳಿ, ಒಂದು ನಾಲಿಗೆ. ಕಂಬಳಿ ಹರಿಯಿತು, ನಾಲಿಗೆ ಹರಿತವಾಯಿತು. ಆ ನಾಲಿಗೆಯಿಂದ ಬೆಲ್ಲ ಮಾರುತ್ತಿದ್ದ. ಮಾರದ ಹೊತ್ತಿನಲ್ಲಿ ಊರವರ ದನಿ ತೆಗೆಯುತ್ತಿದ್ದ. ಶಿರಸ್ತೇದಾರರು ಕೆಮ್ಮಿ, ಕನ್ನಡಕ ಒರೆಸಿ, ಇನ್ನೊಮ್ಮೆ ಕೆಮ್ಮಿ "ನಾಳೆ ಬಾರಯ್ಯ" ಅನ್ನುವುದು, ಹತ್ತಿ ಗಿರಣಿಯ ಸೈರನ್ನು ನೆಗಡಿಯಾದವರಂತೆ ಎಳೆಯುವುದು, ಪಕ್ಕದ ಅಂಗಡಿಯ ಲಿಂಗಣ್ಣ ಎದೆ ಮುಟ್ಟಿಕೊಂಡು "ನಿಮ್ಮಾಣೆ, ಅಸಲಿಗೇ ಕೊಡ್ತಿದೀನಿ" ಎಂದು ಗಿರಾಕಿಯನ್ನು ಬೋಳಿಸುವುದು, ಎಲ್ಲ ಅವನ ಗಂಟಲಲ್ಲಿತ್ತು. ಅಂಗಿಯ ಜೇಬಿನಲ್ಲಿ ಮಾದರಿಗೆಂದು ಯಾವಾಗಲೂ ಒಂದು ಬೆಲ್ಲದ ಉಂಡೆ ಇರುತ್ತಿತ್ತು. ಗಿರಾಕಿ ಬೆಲ್ಲ ಚೀಪುವಷ್ಟರಲ್ಲಿ ರೇವಣ್ಣ ಅವನ ದನಿ ಕಲಿತುಬಿಡುತ್ತಿದ್ದ.

ಮಕ್ಕಳಿಲ್ಲದ ಮನೆ. ಗಂಡ, ಹೆಂಡತಿ, ಮತ್ತು ಅವನ ದೊಡ್ಡವ್ವ ಮರುಳಸಿದ್ದಮ್ಮ. ಈ ಮುದುಕಿಗೆ ಕಣ್ಣು ಮಂಜು, ಕಿವಿ ಮಾತ್ರ ಪೊಲೀಸ್ ಠಾಣೆ. ಹಿಂದಿನ ವರ್ಷ ಹಂಪವ್ವ ವಿಷಮಶೀತ ಜ್ವರದಲ್ಲಿ ಕೈಬಿಟ್ಟೇ ಹೋಗಬೇಕಾಗಿದ್ದವಳು ಹೇಗೋ ಉಳಿದು ಬಂದಿದ್ದಳು. ಉಳಿದು ಬಂದ ಹೆಂಡತಿಗೆ ಎಷ್ಟು ಸುಖ ಕೊಟ್ಟರೂ ಕಡಿಮೆಯೇ ಎಂದು ರೇವಣ್ಣ ಮೊದಲು ಫ್ಯಾನು ಹಾಕಿಸಿದ, ಆಮೇಲೆ ರೇಡಿಯೋ ತಂದ, ಈಗ ಮಂಚ. ಅವಳಿಗೋ ಫ್ಯಾನು ತಿರುಗಿದರೆ ಚಳಿ, ರೇಡಿಯೋ ಹಾಡಿದರೆ ತಲೆಶೂಲೆ, ಮಂಚ ಹತ್ತಿದರೆ ಬಸ್ಸು.

"ನಿನಗೆ ಏನು ಬೇಕು ಅಂತನಾದ್ರೂ ಬಾಯಿ ಬಿಡೇ" ಎಂದು ಅವನು ಕೊನೆಗೆ ಗೋಗರೆದ.

"ಏನೂ ಬ್ಯಾಡ್ರಿ. ಈ ಐತಾರ ಹರಿಹರಕ್ಕೆ ಹೋಗಿ ಬರ್ಲಾ?"

ರೇವಣ್ಣ ಹಣೆ ಹಣೆ ಬಡಿದುಕೊಂಡ. ಮತ್ತೆ ಹರಿಹರ!

ಅದೆಲ್ಲ ಶುರುವಾದದ್ದು ಒಂದು ಉಡಿಯಿಂದ.

ಜ್ವರ ಏರಿದಾಗ ಹಂಪವ್ವನನ್ನು ಹರಿಹರದಲ್ಲಿ ಹೊಳೆಯ ಕಡೆಗಿದ್ದ ಒಂದು ಸಣ್ಣ ಮಿಷನ್ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿದ್ದವಳು ಸಿಸ್ಟರ್ ಬೆನಿಗ್ನಾ. ಮಂಗಳೂರಿನ ಕಡೆಯವಳು, ಬಿಳಿ ನಿಲುವಂಗಿ, ಬಿಳಿ ತಲೆವಸ್ತ್ರ, ನೂರು ಕೆಲಸದ ನಡುವೆಯೂ ನಗು. ಬೆಣ್ಣೆ ದೋಸೆ ತಿಂದು ಬೆಳೆದ ನಾಲಿಗೆಗಳಿಗೆ ಬೆನಿಗ್ನಾ ಎಂಬುದು ಹೊರಳಲಿಲ್ಲ; ಜನ ಅವಳನ್ನು ಬೆಣ್ಣಿ ಅಮ್ಮ ಮಾಡಿಕೊಂಡಿದ್ದರು. ಆ ಬೆಣ್ಣಿ ಅಮ್ಮ ಹಂಪವ್ವನ ಮಗ್ಗುಲಲ್ಲೇ ಕೂತು ಒದ್ದೆ ಬಟ್ಟೆ ಹಾಕಿ, ಗಂಜಿ ಕುಡಿಸಿ, ಬೈದು, ಮುದ್ದಿಸಿ, ಅವಳನ್ನು ಎದ್ದು ಕೂರಿಸಿದಳು.

ಮನೆಗೆ ಹೊರಡುವ ದಿನ ಪಕ್ಕದ ಹಾಸಿಗೆಯ ಶಾಮನೂರು ರಂಗವ್ವ ತಕರಾರು ತೆಗೆದಳು. "ಸತ್ತು ಹುಟ್ಟಿದ ಹೆಣ್ಮಗಳು ಬರೀ ಉಡೀಲಿ ಹೊಸ್ತಿಲು ದಾಟಬಾರದವ್ವ. ತವರಿನೋರು ಯಾರಾದ್ರೂ ಉಡಿ ತುಂಬಬೇಕು."

ಹಂಪವ್ವನಿಗೆ ತವರೆಂಬುದೇ ಇರಲಿಲ್ಲ. ತಂದೆ ತಾಯಿ ತೀರಿ, ಒಡಹುಟ್ಟಿದವರಿಲ್ಲದೆ, ಊರಿನ ಮನೆಯ ಮಾಳಿಗೆ ಕುಸಿದು, ಅಲ್ಲಿ ಈಗ ಯಾರದೋ ದನ ಕಟ್ಟುತ್ತಿದ್ದರು. ಅವಳು ತಲೆ ತಗ್ಗಿಸಿದಳು.

"ಉಡಿ ಎಂದರೆ ಎಂತ?" ಎಂದಳು ಸಿಸ್ಟರ್.

ರಂಗವ್ವ ಬಿಡಿಸಿ ಹೇಳಿದಳು. ಸಿಸ್ಟರ್ ಓಡಿಹೋಗಿ ಅಡುಗೆಮನೆಯಿಂದ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಒಂದು ಅರಿಶಿನದ ಕೊಂಬು, ಪೆಟ್ಟಿಗೆಯಿಂದ ಒಂದು ಚೌಕಳಿಯ ಕುಬಸದ ಬಟ್ಟೆ ತಂದಳು. ತುಂಬಲು ಬಗ್ಗಿದಾಗ ರಂಗವ್ವನ ಎರಡನೆಯ ತಕರಾರು.

"ತಡಿಯವ್ವ! ಮುತ್ತೈದೆ ತುಂಬಬೇಕು ಇದನ್ನ. ನಿನಗೆ ಗಂಡಿಲ್ಲ, ಗತಿಯಿಲ್ಲ."

ಸಿಸ್ಟರ್ ಬೆರಳೆತ್ತಿ ಉಂಗುರ ತೋರಿಸಿದಳು. "ನನಗೆ ಮದುವೆ ಆಗಿದೆ ಅಲ್ವಾ! ಏಸು ಸ್ವಾಮಿಯ ಜೊತೆ."

"ಅವ್ರು ಆವಾಗ್ಲೇ ಶಿಲುಬಿ ಮ್ಯಾಲೆ ತೀರ್ಕಂಡ್ರಲ್ಲೇನವ್ವ?"

"ಮೂರನೇ ದಿನ ಎದ್ದು ಬಂದರಲ್ಲ ಮಾರಾಯ್ತಿ! ಈಗಲೂ ಇದ್ದಾರೆ."

ರಂಗವ್ವ ಇದನ್ನು ತೂಗಿ ನೋಡಿದಳು. ಇಡೀ ವಾರ್ಡು ಅವಳ ತೀರ್ಪಿಗೆ ಕಾಯಿತು. "ಎದ್ದು ಬಂದ ಮ್ಯಾಲೆ ಮತ್ತೆ ಸಾಯಾಂಗಿಲ್ಲ. ಹಂಗಾರೆ ನೀನು ಕಾಯಂ ಮುತ್ತೈದೆ. ತುಂಬವ್ವ, ತುಂಬು."

ಸೆರಗಿಗೆ ಅಕ್ಕಿ ಬಿದ್ದ ಸದ್ದಿಗೇ ಹಂಪವ್ವ ಬಿಕ್ಕಿ ಬಿಕ್ಕಿ ಅತ್ತಳು. ಜ್ವರದಲ್ಲಿ ಕೂಡ ಅಷ್ಟು ಅತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ರೇವಣ್ಣನ ಕಣ್ಣು ಮಾತ್ರ ಉಡಿಯೊಳಗೆ ಬೇರೊಂದನ್ನು ಹುಡುಕುತ್ತಿತ್ತು. ಬೆಲ್ಲ ಎಲ್ಲಿ? ಉಡಿಗೆ ಬೆಲ್ಲ ಬೇಡವೇ? ಮರುದಿನ ಮಂಡಿಯಲ್ಲಿ ಅವನು ಇಡೀ ಪ್ರಸಂಗವನ್ನು ಆಡಿ ತೋರಿಸಿದ. ಸಿಸ್ಟರ್‌ನ "ಎಂತ" ಬಂತು, ರಂಗವ್ವನ "ಕಾಯಂ ಮುತ್ತೈದೆ" ಬಂತು, ಕೊನೆಗೆ, "ಬೆಲ್ಲದ ಮಂಡಿಯವನ ಹೆಂಡ್ತಿಗೆ ಬೆಲ್ಲಿಲ್ಲದ ಉಡಿ ಕಣ್ರಪ್ಪೋ!" ಹಮಾಲಿ ಗಿಡ್ಡಪ್ಪ ಮೂಟೆ ಕೆಳಗಿಟ್ಟು ನಕ್ಕ. ಲಿಂಗಣ್ಣ ಅಂಗಡಿ ಬಿಟ್ಟು ಬಂದು ನಕ್ಕ.

ನಗುವ ಸರದಿ ತಿರುಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಹಂಪವ್ವ ಅದನ್ನು ಆಟ ಎಂದುಕೊಂಡಿರಲಿಲ್ಲ. ಉಡಿ ತುಂಬಿದವಳು ತವರಿನವಳು. ಅಂದಮೇಲೆ ಹರಿಹರ ತವರುಮನೆ. ಹೆಣ್ಣುಮಗಳು ತವರಿಗೆ ಹೋಗಬೇಡವೇ? ಭಾನುವಾರ ಹೋದಳು. ಮುಂದಿನ ಭಾನುವಾರವೂ ಹೋದಳು. ಅಲ್ಲಿ ರೋಗಿಗಳ ಬಟ್ಟೆ ಹಿಂಡಿ, ಗಂಜಿ ಬಡಿಸಿ, ಪ್ರಾರ್ಥನೆಯ ಹೊತ್ತಿಗೆ ಹಿಂದೆ ಕೂತು, ಸಂಜೆಯ ಬಸ್ಸಿಗೆ ಮುಖ ಅರಳಿಸಿಕೊಂಡು ಬರುತ್ತಿದ್ದಳು. ಒಂದು ದಿನ ಬರುವಾಗ ಒಂದು ಪಟ ತಂದು ಮನೆದೇವರು ಬೀರಪ್ಪನ ಪಕ್ಕದ ಮೊಳೆಗೆ ನೇತುಹಾಕಿದಳು. ಗಡ್ಡದ ಏಸು, ಎದೆಯ ಮೇಲೆ ಉರಿಯುವ ಹೃದಯ.

"ಇದೇನೇ ಇದು?" ಎಂದ ರೇವಣ್ಣ.

"ನನ್ನ ತವರಿನ ದೇವ್ರು. ಮದುವ್ಯಾದ ಮ್ಯಾಲೆ ಗಂಡನ ಮನಿ ದೇವ್ರನ್ನ ಇಟ್ಕಂತೀವಿ, ಹಂಗಂತ ತವರಿನ ದೇವ್ರನ್ನ ಬಿಡ್ತೀವೇನ್ರಿ? ನಿಮ್ಮವ್ವ ಬಿಟ್ಟಿದ್ಲಾ?"

ಬಿಟ್ಟಿರಲಿಲ್ಲ. ರೇವಣ್ಣನ ತಾಯಿ ತನ್ನ ತವರಿನ ದ್ಯಾಮವ್ವನಿಗೆ ಸಾಯುವ ತನಕ ಹರಕೆ ಕಳಿಸುತ್ತಿದ್ದಳು. ಅವನು ಬೇರೆ ದಾರಿ ಹಿಡಿದ. "ಎದಿ ಬಿಚ್ಕಂಡು ನಿಂತಾನಲ್ಲ, ಅಂಗಿ ಗುಂಡಿ ಹಾಕಳಾಕೂ ಪುರಸತ್ತಿಲ್ಲೇನು ಇವನಿಗೆ?"

"ಬಾಗ್ಲು ತೆಗೆದಿಟ್ಟಾನೆ. ಯಾರಾದ್ರೂ ಬರ್ಲಿ ಅಂತ."

ಮರುಳಸಿದ್ದಮ್ಮ ಮೂಲೆಯಿಂದ, "ಕಳ್ಳರೂ ಬರ್ತಾರಲ್ಲೇ" ಎಂದಳು.

"ಬರ್ಲಿ ಅಂತಾನೇ ಅಂತೆ ಅತ್ತೆವ್ವ" ಎಂದಳು ಹಂಪವ್ವ.

ಇಂಥವರ ಜೊತೆ ಜಗಳವಾಡುವುದು ಹೇಗೆ? ಮಂಡಿಪೇಟೆಗೆ ಹೋದರೆ ಅಲ್ಲಿ ಲಿಂಗಣ್ಣ. "ಏನಪ್ಪಾ ಮಿಷನ್ ಅಳಿಯ, ಅತ್ತೆ ಮಾವ ಹೆಂಗದಾರೆ?" ಲೆಕ್ಕ ಸರಿಯಾಗಿತ್ತು, ಅದೇ ಸಂಕಟ. ಸಿಸ್ಟರ್ ಹೆಂಡತಿಗೆ ತಾಯಿಯಾದರೆ ರೇವಣ್ಣನಿಗೆ ಅತ್ತೆ. ಅತ್ತೆಯ ಗಂಡ ಏಸು, ಅಂದರೆ ಸೋಜಿಗದ ಮಾವ. ಅಳಿಯನಿಗೆ ಆಗಲೇ ನಡುತಲೆ ನೆರೆತಿತ್ತು. ಅತ್ತೆ ಇನ್ನೂ ಮೂವತ್ತರ ಆಚೀಚೆ. "ಹರಿ ಒಬ್ಬ, ಹರ ಒಬ್ಬ, ಇಬ್ಬರೂ ಸೇರಿ ಒಂದೇ ಗುಡಿಯಾಗೆ ಸಂಸಾರ ಮಾಡೋ ಊರು ಅದು. ಮೂರನೆಯವನು ಬಂದು ನಮ್ಮ ರೇವಣ್ಣನ ಮನೀನೇ ಹುಡುಕಬೇಕಿತ್ತಾ!" ಎಂದು ಲಿಂಗಣ್ಣ ನಗಿಸುತ್ತಿದ್ದ. ಊರವರ ದನಿ ತೆಗೆಯುವವನಿಗೆ ತನ್ನನ್ನೇ ಇನ್ನೊಬ್ಬರು ಆಡಿಕೊಂಡರೆ ಎಷ್ಟು ಉರಿಯುತ್ತದೆ ಎಂಬುದು ರೇವಣ್ಣನಿಗೆ ಗೊತ್ತಾದದ್ದು ಆಗ.

ಒಂದು ದಿನ ಲಿಂಗಣ್ಣ ನಗುನಗುತ್ತಲೇ ಅಂದ: "ನೋಡ್ತಿರು, ಒಂದಿನ ತಲೆಗೆ ನೀರು ಹಾಕಿಸ್ಕಂಡು ಅವರ ಜಾತಿ ಸೇರ್ಕಂಡೇ ಬರ್ತಾಳೆ. ಹಂಪವ್ವ ಹೋಗಿ ಅನ್ನಮ್ಮ. ಆಮ್ಯಾಲೆ ಅಲ್ಲೇ ಇರ್ತೀನಿ ಅಂದ್ರೆ ಏನ್ ಮಾಡ್ತಿ?"

ರೇವಣ್ಣ ಆವತ್ತು ಅಂಗಡಿ ಬೇಗ ಮುಚ್ಚಿದ.

ಜ್ವರದ ದಿನಗಳಲ್ಲಿ ಅವನು ಆಸ್ಪತ್ರೆಯ ಹುಣಸೆಮರದ ಕೆಳಗೆ ಕೂತು, ಬೀರಪ್ಪನಿಗೆ ಒಂದು ಕಡೆ, ಒಳಗಿದ್ದ ಏಸುವಿಗೆ ಇನ್ನೊಂದು ಕಡೆ ಕೈ ಮುಗಿದು, "ಯಾರಾದ್ರೂ ಉಳಿಸ್ರಪ್ಪ" ಅಂದಿದ್ದ. ಉಳಿಸಿದ್ದರು. ಈಗ ಉಳಿಸಿದ ಕೈಯೇ ಅವಳನ್ನು ಕರೆದುಕೊಂಡರೆ? ಫ್ಯಾನು ಇರುತ್ತದೆ, ರೇಡಿಯೋ ಇರುತ್ತದೆ, ಮಂಚ ಇರುತ್ತದೆ. ಕೆಳಗಿನಿಂದ ಯಾವ ಸ್ಟಾಪು ಎಂದು ಕೇಳುವವರು ಇರುವುದಿಲ್ಲ.

ಯೋಚಿಸಿ ಯೋಚಿಸಿ ಅವನಿಗೆ ಹೊಳೆದದ್ದು ಮುಯ್ಯಿ. ಮದುವೆಯಲ್ಲಿ, ತೊಟ್ಟಿಲಲ್ಲಿ ಒಬ್ಬರು ಸೀರೆ ಇಟ್ಟರೆ, ಕುಬಸ ಇಟ್ಟರೆ, ನಾಳೆ ಅವರ ಮನೆಯ ಕಾರ್ಯಕ್ಕೆ ಹಿಂತಿರುಗಿಸಿ ಇಡಬೇಕು. ಅದು ಮುಯ್ಯಿ. ಆ ಉಡಿಯ ಮುಯ್ಯಿ ಇನ್ನೂ ತಿರುಗಿಲ್ಲ, ಅದಕ್ಕೇ ಹೆಂಡತಿಗೆ ಹಂಗು. ಹಂಗು ತೀರಿತೋ, ಹರಿಹರದ ಬಸ್ಸು ತಪ್ಪಿತು! ಮುಯ್ಯಿಯ ವ್ಯವಹಾರ ಹೆಂಗಸರದು, ಗಂಡಸರಿಗೆ ಅದರ ಒಳಸುಳಿ ತಿಳಿಯದು ಎಂಬುದು ಅವನಿಗೆ ತಿಳಿದಿರಲಿಲ್ಲ.

ಮೊದಲು ಒಂದು ಗಾಡಿ ಬೆಲ್ಲ ಕಳಿಸಿದ. ಅದು ರೋಗಿಗಳ ಗಂಜಿಯಲ್ಲಿ ಕರಗಿತು. ಸಿಸ್ಟರ್‌ಗೆ ಏನು ಮುಟ್ಟಿದಂತಾಯಿತು? ಅವಳು ಮಲಗುವುದು ಬರೀ ಹಲಗೆಯ ಮೇಲೆ ಎಂದು ಹಂಪವ್ವ ಹೇಳಿದ್ದಳು. ರೇವಣ್ಣ ಪಿಂಜಾರ ಅಮೀನಾಬೀ ಮನೆಗೆ ಹೋಗಿ, ಒಳ್ಳೆಯ ಹತ್ತಿ ಹಿಂಜಿಸಿ, ಒಂದು ಗಾದಿ ಮಾಡಲು ಹೇಳಿದ.

"ಯಾರಿಗೆ ಸೇಠ್?"

"ನಮ್ಮತ್ತೆಗೆ."

"ತೋಬಾ! ನಿಮ್ಮತ್ತೆ ತೀರ್ಕಂಡು ಜಮಾನಾ ಆತಲ್ರೀ!"

"ಹೊಸಾಕೆ ಸಿಕ್ಕಾಳೆ."

ಅಮೀನಾಬೀ ಇನ್ನೇನೂ ಕೇಳದೆ ಹತ್ತಿಯನ್ನು ಹಿಂಜಿದಳು. ನೀಲಿ ಪಟ್ಟೆಯ ಬಟ್ಟೆ, ಅಲ್ಲಲ್ಲಿ ಕೆಂಪು ದಾರದ ಗುಂಡಿ, ಊದಿದ ಪೂರಿಯಂಥ ಗಾದಿ. ಹಮಾಲಿ ಗಿಡ್ಡಪ್ಪ ಅದನ್ನು ತಲೆಯ ಮೇಲೆ ಹೊತ್ತು, "ಸಾವ್ಕಾರ್ರೆ, ಮೋಡ ಹೊತ್ತಂಗಾಗ್ತೈತೆ" ಎನ್ನುತ್ತ ಬಸ್ಸಿನ ಮಾಡಿಗೆ ಏರಿಸಿದ. ರೇವಣ್ಣ ತಾನೇ ಹೋಗಿ ಒಪ್ಪಿಸಿದ. "ನೋಡ್ರಿ ತಾಯಿ, ಇದರ ಮ್ಯಾಲೆ ನೀವೇ ಮಲಗಬೇಕು."

"ಆಯ್ತು, ನೋಡುವ" ಎಂದಳು ಸಿಸ್ಟರ್.

ಮುಂದಿನ ಭಾನುವಾರ ಹಂಪವ್ವ ಸುದ್ದಿ ತಂದಳು: ಗಾದಿ ವಾರ್ಡಿಗೆ ಹೋಗಿದೆ, ಬೆನ್ನುಹುಣ್ಣಾದ ಒಬ್ಬ ಅಜ್ಜಿ ಮಲಗಿದ್ದಾಳೆ.

ರೇವಣ್ಣ ಬಸ್ಸು ಹತ್ತಿ ಹೋದವನು ಸಿಸ್ಟರ್‌ನನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಹಿಡಿದ. "ನಿಮಗ ಅಂತ ಕೊಟ್ಟಿದ್ದು!"

"ನನಗೇ ಕೊಟ್ಟದ್ದಲ್ವಾ? ಹಾಗಾದರೆ ನನ್ನದನ್ನು ನಾನು ಕೊಟ್ಟೆ."

"ಮತ್ತೆ ಮುಯ್ಯಿ ತೀರೋದು ಹೆಂಗೆ?"

ಸಿಸ್ಟರ್ ಕೈಯನ್ನು ಎಪ್ರನ್ನಿಗೆ ಒರೆಸಿಕೊಂಡು, ಒಂದು ಭುಜ ಎತ್ತಿ ನಕ್ಕಳು. "ಎಂತ ತೀರಿಸುವುದು ರೇವಣ್ಣನವರೇ? ಸಿಕ್ಕಿದ್ದನ್ನು ಸುಮ್ಮನೆ ತೆಗೆದುಕೊಳ್ಳಿ ಮಾರಾಯ್ರೇ. ಅದು ತೀರಿಸಲಿಕ್ಕೆ ಇರುವುದಲ್ಲ."

ಸುಮ್ಮನೆ ತೆಗೆದುಕೊಳ್ಳಬೇಕಂತೆ! ಮಂಡಿಪೇಟೆಯಲ್ಲಿ ಹುಟ್ಟಿದ ನೊಣ ಕೂಡ ಸುಮ್ಮನೆ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಕೊಡುವುದಿಲ್ಲ. ಅವನು ಮಂಡಿಗೆ ಬಂದು ಆ ಮಾತನ್ನು ಆಡಿದ, ಮತ್ತೆ ಆಡಿದ, ಭುಜ ಎತ್ತುವುದು ಬಂತು, ಕೈ ಒರೆಸಿಕೊಳ್ಳುವುದು ಬಂತು, ಕೊನೆಯಲ್ಲಿ ದನಿ ಕೊಂಚ ತಗ್ಗುವುದೂ ಬಂತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನಿಗೊಬ್ಬನಿಗೆ ನಗು ಬರಲಿಲ್ಲ.

ದೀಪಾವಳಿಯ ಗಡಿಬಿಡಿಯಲ್ಲಿ ಗಿಡ್ಡಪ್ಪ ಬೆಲ್ಲದ ಮೂಟೆ ಇಳಿಸುವಾಗ ಬೆನ್ನು ಹಿಡಿದುಕೊಂಡು ಕೂತ. "ಮನೀಗೆ ಹೋಗಿ ಶಾಖ ಕೊಡಲೇ, ನಾಕು ದಿನ ಬಿಟ್ಟು ಬಾ" ಎಂದು ರೇವಣ್ಣ ಕಳಿಸಿದ. ಗಿಡ್ಡಪ್ಪ ಬರಲಿಲ್ಲ. ಬೇರೆ ಹಮಾಲಿ ಬಂದ. "ಗಿಡ್ಡಪ್ಪನೂ ಕೈ ಕೊಟ್ಟ ನೋಡು" ಎಂದು ರೇವಣ್ಣ ಅದನ್ನೂ ತನ್ನ ಗೋಳಿನ ಪಟ್ಟಿಗೆ ಸೇರಿಸಿಕೊಂಡ.

ಡಿಸೆಂಬರ್ ಬಂತು. ಹಂಪವ್ವ ಕರ್ಚಿಕಾಯಿ ಮಾಡಿ, ಡಬ್ಬ ತುಂಬಿ, ಹೊಸ ಸೀರೆ ಉಟ್ಟು ನಿಂತಳು. "ತವರಾಗೆ ಹಬ್ಬ ಐತ್ರಿ. ಎಲ್ಡು ದಿನ ಇದ್ದು ಬರ್ತೀನಿ. ನೀವೂ ಬರ್ರಿ."

"ನಾ ಬರಾಂಗಿಲ್ಲ! ಹೋಗು, ಅಲ್ಲೇ ಇರು!" ಎಂದು ಕಿರುಚಿದ. ಅವಳು ಅವನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಕಿರುಚಿದ್ದು ಅವನಿಗೇ ಕೇಳಿಸಿತು. ಅದು ಯಾರ ದನಿಯೂ ಆಗಿರಲಿಲ್ಲ, ಅವನದೇ.

ಫ್ಯಾನು ಹಾಕಿಕೊಂಡು ಕೂತ. ಚಳಿಯಾಯಿತು. ರೇಡಿಯೋ ತಿರುವಿದ. ತಲೆ ಸಿಡಿಯಿತು. ಮಂಚದ ಮೇಲೆ ಕೂತ. ಮಂಚ ಕಿರ್ರೆಂದಿತು, ಯಾರೂ ಏನೂ ಕೇಳಲಿಲ್ಲ.

"ದೊಡ್ಡವ್ವ" ಎಂದು ಮರುಳಸಿದ್ದಮ್ಮನ ಮುಂದೆ ಹೋಗಿ ಕುಕ್ಕರಿಸಿದ. "ಬೆಲ್ಲ ಕೊಟ್ಟೆ, ಗಾದಿ ಕೊಟ್ಟೆ. ಇನ್ನೂ ಎಷ್ಟು ಕೊಟ್ರೆ ಈ ಮುಯ್ಯಿ ತೀರ್ತೈತೆ?"

ಮುದುಕಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ಅಯ್ಯ ಮುಕ್ಕ! ತೀರಿಸಾಕೆ ಅಂತ ಕೊಟ್ಯಾ ಅದೆಲ್ಲ?"

"ಮತ್ತಿನ್ಯಾಕೆ?"

"ಅವರು ಇಟ್ಟಿದ್ದಕ್ಕೆ ಒಂದು ಹಿಡಿ ಮಿಗಿಲು ಇಟ್ರೆ ನೆಂಟಸ್ತನ ಬಿಗೀತೈತೆ. ಸರಿಸಮ ಇಟ್ರೆ ಹರೀತೈತೆ, ನಿಂದು ನಿನಗೆ, ನಂದು ನನಗೆ, ಇನ್ನ ಮುಖ ತೋರಿಸಬ್ಯಾಡ ಅಂತ. ನೀನು ಹಿಡಿ ಅಕ್ಕಿಗೆ ಗಾಡಿ ಬೆಲ್ಲ, ಗಾದಿ ಬ್ಯಾರೆ! ಗಂಟಿನ ಮ್ಯಾಲೆ ಗಂಟು ಹಾಕಿ ಕುಂತೀಯಲ್ಲೋ. ನಾನು ಅಂದ್ಕಂಡೆ, ಪರವಾಗಿಲ್ಲ, ನಮ್ಮ ರೇವಣ್ಣಗೆ ಅತ್ತೆ ಮನಿ ಮ್ಯಾಲೆ ಭಾಳ ಅಕ್ಕರೆ ಅಂತ!"

"ಮೊದಲೇ ಯಾಕ ಹೇಳ್ಲಿಲ್ಲ?"

"ನೀ ಕೇಳಿದ್ಯಾ?"

ರೇವಣ್ಣನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಷ್ಟು ದಿನ ಬಿಡಿಸುತ್ತಿದ್ದೇನೆಂದು ಬಿಗಿಯುತ್ತಿದ್ದ! ಎದ್ದವನೇ ಅಡುಗೆಮನೆಗೆ ನುಗ್ಗಿದ. ಅಕ್ಕಿ, ಸಿಸ್ಟರ್ ಹಾಕಿದಷ್ಟೇ. ಒಂದು ಕೊಬ್ಬರಿ ಬಟ್ಟಲು. ಒಂದು ಅರಿಶಿನದ ಕೊಂಬು. ಚೌಕಳಿಯ ಕುಬಸದ ಬಟ್ಟೆಯನ್ನು ಪೇಟೆಯೆಲ್ಲ ಸುತ್ತಿ ಹುಡುಕಿ ತಂದ. ಬೆಲ್ಲ ಇಲ್ಲ. ಅವಳೂ ಹಾಕಿರಲಿಲ್ಲ, ಅವನೂ ಹಾಕುವುದಿಲ್ಲ. ಗಾಡಿ ಬೆಲ್ಲ, ಗಾದಿ ರೋಗಿಗಳ ಪಾಲಾದವು, ಅವು ಲೆಕ್ಕಕ್ಕಿಲ್ಲ; ಉಡಿಗೆ ಉಡಿ, ಸರಿಸಮ. ಗಂಟು ಕಟ್ಟಿ, ಕ್ರಿಸ್ಮಸ್ಸಿನ ಮರುದಿನ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದ.

ಆಸ್ಪತ್ರೆಯ ಬಾಗಿಲಲ್ಲಿ ಬಣ್ಣದ ಕಾಗದದ ನಕ್ಷತ್ರ ತೂಗುತ್ತಿತ್ತು. ಅದರ ಕೆಳಗೆ ಹುಲ್ಲಿನ ಒಂದು ಗುಡಿಸಲು, ಮಣ್ಣಿನ ದನ, ಮಣ್ಣಿನ ಕುರಿ, ನಡುವೆ ಗೋದಲಿಯ ಹುಲ್ಲಿನ ಮೇಲೆ ಬತ್ತಲೆ ಕೂಸು. ರೇವಣ್ಣ ಹಾದುಹೋಗುವಾಗ ಓರೆಗಣ್ಣಿನಿಂದ ನೋಡಿದ. ಥೋ, ಈ ಮನೆಯಲ್ಲಿ ಮಾವನಿಂದ ಹಿಡಿದು ಅತ್ತೆಯವರೆಗೆ ಯಾರಿಗೂ ಹಾಸಿಗೆಯ ಯೋಗವೇ ಇಲ್ಲ. ಕೊಟ್ಟರೂ ಮಲಗುವುದಿಲ್ಲ. ಇಂಥವರ ಮುಯ್ಯಿ ಯಾರು ತೀರಿಸುತ್ತಾರೆ!

ಸಿಸ್ಟರ್‌ನನ್ನು ಹುಡುಕುತ್ತ ಗಂಡಸರ ವಾರ್ಡಿಗೆ ಹೊಕ್ಕ. ಕಿಟಕಿಯ ಪಕ್ಕ ನೀಲಿ ಪಟ್ಟೆ ಕಂಡಿತು, ಕೆಂಪು ದಾರದ ಗುಂಡಿ ಕಂಡಿತು. ಅವನ 'ಮೋಡ' ಅಲ್ಲಿತ್ತು. ಅದರ ಮೇಲೆ ಬೆನ್ನಿಗೆ ಪಟ್ಟಿ ಕಟ್ಟಿಸಿಕೊಂಡು ಕವುಚಿ ಮಲಗಿದ್ದವನು ಕತ್ತು ಹೊರಳಿಸಿದ.

"ಸಾವ್ಕಾರ್ರೆ!"

ಗಿಡ್ಡಪ್ಪ.

"ಲೇ! ನೀ ಇಲ್ಲಿದೀಯ? ಕೈಕೊಟ್ಟು ಹೋದಿ ಅಂತ..."

"ಬೆನ್ನು ಕೊಟ್ಟೆ ಸಾವ್ಕಾರ್ರೆ, ಕೈ ಎಲ್ಲಿ ಕೊಟ್ಟೆ" ಎಂದು ಗಿಡ್ಡಪ್ಪ ನಕ್ಕ. ನಕ್ಕದ್ದು ನೋವಾಗಿ ಮುಖ ಹಿಂಡಿದ. "ಶಾಖ ಕೊಟ್ಟೆ, ಎಣ್ಣಿ ತಿಕ್ಕಿಸ್ದೆ. ಕಾಲು ಜುಮುಗುಟ್ಟಾಕ ಹತ್ತಿತು. ಚಾಪೆ ಮ್ಯಾಲೆ ಮಲಗಿದ್ರೆ ಜೀವ ಹೋದಂಗಾಗಾದು. ಹಂಪವ್ವಾರು ದಾರೀಲಿ ನನ್ನ ಹೆಂಡ್ತೀನ ನೋಡಿ, ಅವತ್ತೇ ಗಾಡಿ ಮಾಡಿ ಇಲ್ಲಿಗೆ ತಂದ್ರು."

ಹಂಪವ್ವ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ, ಅದಕ್ಕೂ ಅವನು ಹರಿಹರವನ್ನೇ ಬೈಯುತ್ತಿದ್ದನೇನೋ.

ಗಿಡ್ಡಪ್ಪ ಗಾದಿಯನ್ನು ತಟ್ಟಿದ. "ಹೊತ್ತಾಗ ಮೋಡ ಅಂದಿದ್ದೆ. ಇದರ ಮ್ಯಾಲೆ ನಾನೇ ಮಲಗ್ತೀನಿ ಅಂತ ಯಾರು ಕಂಡಿದ್ರು? ಪಕ್ಕದ ಹಾಸಿಗೆಯೋರು ಯಾರು ಕೊಟ್ರಮ್ಮ ಅಂತ ಕೇಳಿದ್ರೆ, ದೇವರು ಕೊಟ್ಟದ್ದು ಅಂತಾರೆ ಬೆಣ್ಣಿ ಅಮ್ಮ."

"ನಾನಲೇ ಕೊಟ್ಟಿದ್ದು!" ಎಂದು ಬಾಯಿಗೆ ಬಂತು. ಆದರೆ ಗಿಡ್ಡಪ್ಪನಿಗೆ ಅದು ಗೊತ್ತಿತ್ತು. ಬಸ್ಸಿಗೆ ಏರಿಸಿದವನೇ ಅವನು. ಅವನ ಕಣ್ಣು ತುಂಬಿದ್ದು ಅದಕ್ಕೇ. "ಬೆನ್ನು ನೆಟ್ಟಗಾಗ್ಲಿ ಸಾವ್ಕಾರ್ರೆ. ಒಂದು ವರ್ಸ ನಿಮ್ಮ ಮಂಡೀಲಿ ಪುಗಸಟ್ಟೆ ಹೊರ್ತೀನಿ. ನನ್ನ ಹೆಂಡ್ತಿ ನಿಮ್ಮನೀ ಮುಸುರೆ ತಿಕ್ತಾಳೆ. ಈ ಮುಯ್ಯಿ ಹೆಂಗಾದ್ರೂ..."

"ಎಂತ ತೀರಿಸುವುದು ಮಾರಾಯ್ರೇ? ಸಿಕ್ಕಿದ್ದನ್ನು ಸುಮ್ಮನೆ ತೆಗೆದುಕೊಳ್ಳಿ. ಅದು ತೀರಿಸಲಿಕ್ಕೆ ಇರುವುದಲ್ಲ."

ಒಂದು ಭುಜ ಎತ್ತಿತ್ತು. ಕೈ ಪಂಚೆಗೆ ಒರೆಸಿಕೊಳ್ಳುತ್ತಿತ್ತು. ದನಿ ಕೊನೆಯಲ್ಲಿ ಕೊಂಚ ತಗ್ಗಿತ್ತು. ವಾರ್ಡಿನಲ್ಲಿ ಯಾರೋ ಕಿಸಕ್ಕೆಂದರು, ಗಿಡ್ಡಪ್ಪ ಕಣ್ಣೀರಲ್ಲೇ ನಕ್ಕು, "ಬರೋಬ್ಬರಿ ಬೆಣ್ಣಿ ಅಮ್ಮನಂಗೇ ಆತು!" ಎಂದ. ರೇವಣ್ಣ ಮಾತ್ರ ಬೆಪ್ಪಾಗಿ ನಿಂತಿದ್ದ. ಅವನು ಬೇಕೆಂದು ದನಿ ತೆಗೆದಿರಲಿಲ್ಲ. ಗಿಡ್ಡಪ್ಪನ ಮುಂದೆ ಹೇಳಲು ಅವನಿಗೆ ತನ್ನದೆಂಬ ಬೇರೆ ಮಾತೇ ಸಿಕ್ಕಿರಲಿಲ್ಲ.

"ಹೊರೋದು ಬ್ಯಾಡ ಇನ್ನ. ಬಂದು ತಕ್ಕಡಿ ಹಿಡಿ" ಎಂದು ತನ್ನ ದನಿಯನ್ನು ಹುಡುಕಿ ತಂದು ಹೇಳುವಷ್ಟರಲ್ಲಿ ಬಾಗಿಲಲ್ಲಿ ಸಿಸ್ಟರ್ ಮತ್ತು ಹಂಪವ್ವ ನಿಂತಿದ್ದರು.

ಸಿಸ್ಟರ್ ಚಪ್ಪಾಳೆ ತಟ್ಟಿದಳು. "ನನ್ನ ಹಾಗೇ ಮಾತಾಡ್ತೀರಲ್ವಾ! ನನಗೇ ಗುರುತು ಸಿಗಲಿಲ್ಲ!"

ಹಂಪವ್ವನ ಕಣ್ಣು ಅವನ ಕೈಯ ಗಂಟಿನ ಮೇಲಿತ್ತು. ಅವಳು ಹತ್ತಿರ ಬಂದು, ಬಿಚ್ಚಿ ನೋಡಿದಳು. ಅಕ್ಕಿ. ಕೊಬ್ಬರಿ. ಅರಿಶಿನ. ಚೌಕಳಿಯ ಬಟ್ಟೆ. ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

"ಸರಿಸಮ ತಂದೀರಿ" ಎಂದಳು ಮೆಲ್ಲಗೆ.

ರೇವಣ್ಣ ನೆಲ ನೋಡಿದ.

"ಸಿಸ್ಟರಮ್ಮಗೆ ಇದು ತಿಳಿಯಾಂಗಿಲ್ಲ. ನನಗೆ ತಿಳೀತೈತೆ. ನಾನು ಹುಟ್ಟಿದ ಮನೀ ಬಾಗ್ಲು ಬಿದ್ದು ಹೋತು. ಇದು ತೆರೀತು. ಇದನ್ನೂ ನೀವು ಮುಚ್ಚೀನಿ ಅಂದ್ರೆ ಮುಚ್ರಿ. ನಿಮ್ಮ ಜೊತೀನೇ ಬಸ್ಸು ಹತ್ತತೀನಿ, ಮನೀಗೆ ಬರ್ತೀನಿ. ಆದ್ರೆ ಇದನ್ನ ನನ್ನ ಕೈಲಿ ತುಂಬಸಬ್ಯಾಡ್ರಿ."

"ನೀರು ಹಾಕಿಸ್ಕಂತೀಯಂತಲ್ಲ!" ಎಂದ ರೇವಣ್ಣ.

"ಯಾರಂದ್ರು? ಲಿಂಗಣ್ಣನಾ? ಹಾಕಿಸ್ಕಳಾ ಮನಸು ಬಂದ್ರೆ ಮೊದ್ಲು ನಿಮ್ಮನ್ನ ಕೇಳ್ತೀನಿ. ನಿಮ್ಮನ್ನ ಬಿಟ್ಟು ತವರಾಗೆ ಕುಂತ್ಕಳ್ಳಾಕೆ ನನಗೇನು ಬ್ಯಾರೆ ಕೆಲಸಿಲ್ಲೇನು?" ಅವಳಿಗೂ ಸಿಟ್ಟು ಬಂದಿತ್ತು. "ಸಾವಿನಾಗಿಂದ ಎಬ್ಬಿಸಿದ್ದಕ್ಕೆ ಒಂದು ಮಾತು ದೇವರಿಗೆ ಹೇಳಾಕ ಬರ್ತೀನಿ. ಮಂಚ, ಫ್ಯಾನು ನೀವು ತಂದ್ರಿ, ಖುಷಿ ಆತು. ನಾನು ಉಳಿದ ಖುಷೀನ ಯಾರ ಮುಂದೆ ಹೇಳ್ಕಬೇಕೋ ತಿಳೀದೆ ತಂದ್ರಿ ಅಂತನೂ ಗೊತ್ತಾತು. ಹೇಳಾಕ ಜಾಗ ಐತ್ರಿ ಇಲ್ಲಿ. ಅಷ್ಟೇ."

ರೇವಣ್ಣನಿಗೆ ಹುಣಸೆಮರ ನೆನಪಾಯಿತು. ಯಾರಾದ್ರೂ ಉಳಿಸ್ರಪ್ಪ ಅಂದಿದ್ದ. ಉಳಿಸಿದ ಮೇಲೆ ಆ ಮರದ ಕಡೆ ಒಮ್ಮೆಯಾದರೂ ತಿರುಗಿ ನೋಡಿದ್ದನೇ? ಫ್ಯಾನಿನ ಅಂಗಡಿಗೆ ಹೋಗಿದ್ದ.

ಅವನು ಜೇಬಿಗೆ ಕೈ ಹಾಕಿದ. ಮಾದರಿಯ ಬೆಲ್ಲದ ಉಂಡೆ ಸಿಕ್ಕಿತು. ಅದನ್ನು ತೆಗೆದು, ಅಂಟಿದ್ದ ನೂಲು ಊದಿ, ಅಕ್ಕಿಯ ಮೇಲೆ ಇಟ್ಟ.

"ಈಗ ತುಂಬು."

ಹಂಪವ್ವ ಅವನನ್ನೇ ನೋಡಿದಳು. ಒಂದು ಉಂಡೆ ಮಿಗಿಲು. ಸಿಸ್ಟರ್‌ಗೆ ಸೆರಗಿರಲಿಲ್ಲ, ಎಪ್ರನ್ನಿನ ಎರಡು ತುದಿ ಹಿಡಿದು ನಿಂತಳು. ಹಂಪವ್ವ ಗಂಟಿನಲ್ಲಿದ್ದದ್ದನ್ನೆಲ್ಲ ಅದರೊಳಗೆ ತುಂಬಿದಳು.

"ಓ, ಬೆಲ್ಲ!" ಎಂದಳು ಸಿಸ್ಟರ್. "ಹೋದ ಸಲ ನಾನು ಹಾಕಲೇ ಇಲ್ಲ ಅಲ್ವಾ? ಯಾರೂ ಹೇಳಲಿಲ್ಲ ಮಾರಾಯ್ರೇ!" ಎನ್ನುತ್ತಲೇ ಉಂಡೆಯನ್ನು ಕಿಟಕಿಯ ಕಟ್ಟೆಗೆ ಕುಟ್ಟಿ ಒಡೆದಳು. ಒಂದು ಚೂರು ಗಿಡ್ಡಪ್ಪನಿಗೆ, ಒಂದು ಆಚೆಯ ಹಾಸಿಗೆಗೆ, ಒಂದು ಈಚೆಯ ಹಾಸಿಗೆಗೆ.

"ಥೋ ಥೋ ಥೋ!" ಎಂದು ರೇವಣ್ಣ ತಲೆ ಹಿಡಿದುಕೊಂಡ. "ಕೊಟ್ಟು ಕಣ್ಣೆವೆ ಮುಚ್ಚೋ ಹೊತ್ತಾಗ್ಲಿಲ್ಲ! ಒಂದು ಚೂರಾದ್ರೂ ನೀವು ತಿನ್ರಿ ತಾಯಿ!"

ಸಿಸ್ಟರ್ ಉಳಿದ ದೊಡ್ಡ ಚೂರನ್ನು ಅವನ ಅಂಗೈಗೇ ಇಟ್ಟಳು. ದಿನಾ ಬೆಲ್ಲ ತೂಗುವವನು, ಗಿರಾಕಿಗೆ ಚೀಪಲು ಕೊಡುವವನು, ತಾನು ಬೆಲ್ಲ ಬಾಯಿಗೆ ಹಾಕಿಕೊಂಡು ಎಷ್ಟು ದಿನವಾಗಿತ್ತೋ. ಹಾಕಿಕೊಂಡ. ಅವನದೇ ಮಂಡಿಯ ಬೆಲ್ಲ, ಪುಗಸಟ್ಟೆಯಾಗಿ ಬೇರೆ ರುಚಿ.

ಹೊರಡುವ ಮುಂಚೆ ಹಂಪವ್ವ ಪ್ರಾರ್ಥನೆಯ ಕೋಣೆಗೆ ಹೋದಳು. ರೇವಣ್ಣ ಬಾಗಿಲಲ್ಲೇ ನಿಂತ. ಅವಳು ಮಂಡಿಯೂರಿದಳು. ಮಂಡಿಪೇಟೆಯವನಿಗೆ ಮಂಡಿ ತೆರೆಯುವುದು ಗೊತ್ತಿತ್ತೇ ಹೊರತು ಊರುವುದು ಗೊತ್ತಿರಲಿಲ್ಲ. ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಕೂತು ಕೂತು ಕೀಲು ಹಿಡಿದಿದ್ದವು. ಬಾಗಿಲ ಚೌಕಟ್ಟು ಹಿಡಿದು ಅರ್ಧಕ್ಕೆ ಇಳಿದ, ಅಲ್ಲೇ ನಿಂತುಬಿಟ್ಟ, ಇತ್ತಲೂ ಇಲ್ಲ ಅತ್ತಲೂ ಇಲ್ಲ. ಗೋಡೆಯ ಮೇಲಿನ ಏಸು ಎದೆ ತೆರೆದುಕೊಂಡು ನೋಡುತ್ತಿದ್ದ.

"ಮಾವ," ಎಂದ ರೇವಣ್ಣ ಹಲ್ಲು ಕಚ್ಚಿಕೊಂಡು, "ಆಕೀನ ಉಳಿಸಿ ಕೊಟ್ಟಿ. ಆವಾಗ ಹೇಳ್ಲಿಲ್ಲ. ಈಗ ಹೇಳೀನಿ. ಬೀರಪ್ಪಗೂ ಹೇಳ್ತೀನಿ, ನೀವಿಬ್ರೂ ಮಾತಾಡ್ಕಳ್ರಿ." ಮಂಡಿ ಲಟಕ್ಕೆಂದಿತು. "ಎಬ್ಬಿಸೇ ಹಂಪಿ!"

ಬಸ್ಸಿನಲ್ಲಿ ಹಿಂದಿನ ಸೀಟೇ ಸಿಕ್ಕಿತು. ಪ್ರತಿ ಗುಂಡಿಗೂ ಇಬ್ಬರೂ ಮೇಲೆ ಹಾರಿ ಕೆಳಗೆ ಬೀಳುತ್ತಿದ್ದರು.

"ಇನ್ನ ಈಸ್ಟರ್ ಹಬ್ಬಕ್ಕೆ ಅವರು ಮಿಗಿಲು ಹಾಕಬೇಕು" ಎಂದಳು ಹಂಪವ್ವ ಖುಷಿಯಿಂದ. "ಆಮ್ಯಾಲೆ ನಾವು. ಆಮ್ಯಾಲೆ ಅವರು."

"ಮುಗಿಯಾಂಗೇ ಇಲ್ವೇನೇ ಇದು?"

"ಇಲ್ರಿ."

ರೇವಣ್ಣ ದೊಡ್ಡ ನಿಟ್ಟುಸಿರು ಬಿಟ್ಟ. ಬಸ್ಸು ಕಿರ್ರೆಂದು ನಿಂತಿತು. ಹಂಪವ್ವ ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು.

"ಯಾವ ಸ್ಟಾಪು ಬಂತೇ?" ಎಂದು ಅವನು ಕೇಳಿದ.